45 ಸಾವಿರ ಕೋಟಿ ಬಜೆಟ್, ನಮ್ಮ ಶಾಲೆಗೆ 25 ಸಾವಿರ: ಉಳಿದದ್ದು ಎಲ್ಲಿ ಹೋಯ್ತು?

ಪ್ರಶ್ನೆ: ಸಾರ್, ನಾನು ಬಾಗೇಪಲ್ಲಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷೆ. ಒಂದರಿಂದ ಏಳನೇ ಕ್ಲಾಸಿನವರೆಗೆ 64 ಮಕ್ಕಳಿದ್ದಾರೆ. ಇಬ್ಬರು ಕಾಯಂ ಶಿಕ್ಷಕರು, ಒಬ್ಬರು ಅತಿಥಿ ಶಿಕ್ಷಕಿ. ಬಜೆಟ್ ದಿನ ಟಿವಿಯಲ್ಲಿ ಶಿಕ್ಷಣಕ್ಕೆ 45 ಸಾವಿರ ಕೋಟಿ ಅಂದರು. ನಮ್ಮ ಶಾಲೆಗೆ ವರ್ಷಕ್ಕೆ ಬರೋದು 25 ಸಾವಿರ, ಅದರಲ್ಲೂ ಅರ್ಧ ಬರೋದು ಮಾರ್ಚ್‌ನಲ್ಲಿ. ಉಳಿದದ್ದು ಎಲ್ಲಿ ಹೋಗುತ್ತೆ? ನಮ್ಮ ಥರದ ಬೇರೆ ದೇಶಗಳಲ್ಲೂ ಹೀಗೇನಾ? 6 ಪರ್ಸೆಂಟ್ ಕೊಟ್ಟರೆ ಎಲ್ಲ ಸರಿ ಹೋಗುತ್ತೆ ಅಂತ ನಮ್ಮ ಹೆಡ್‌ಮೇಷ್ಟ್ರು ಹೇಳುತ್ತಾರೆ, ನಿಜಾನಾ? ಇನ್ನೊಂದು ವಿಷಯ. ಈ ಸಲದ ದುಡ್ಡಲ್ಲಿ ಕಾಂಪೌಂಡಿಗೆ ಬಣ್ಣ ಹೊಡೆಸೋದಾ, ಶೌಚಾಲಯಕ್ಕೆ ನಲ್ಲಿ ಹಾಕಿಸೋದಾ ಅಂತ ಕಮಿಟಿಯಲ್ಲಿ ಜಗಳ ನಡೀತಿದೆ.

ಉತ್ತರ: ಅಮ್ಮಾ, ನಿಮ್ಮ ಶಾಲೆಗೆ ವರ್ಷಕ್ಕೆ ಬರುತ್ತಿರುವುದು 25 ಸಾವಿರ ಅಲ್ಲ, ಸುಮಾರು 20 ಲಕ್ಷ. ನಿಮ್ಮ ಕಮಿಟಿಯ ಕೈಗೆ ಸಿಗುವುದು ಮಾತ್ರ 25 ಸಾವಿರ. ಒಂದು ಪೆನ್ನು ತಗೊಂಡು ನನ್ನ ಜೊತೆ ಲೆಕ್ಕ ಹಾಕಿ.

ಇಬ್ಬರು ಕಾಯಂ ಶಿಕ್ಷಕರಿಗೆ ತಿಂಗಳಿಗೆ ತಲಾ 65 ಸಾವಿರ ಸಂಬಳ ಅಂತ ಹಿಡಿಯೋಣ. ಸರ್ವೀಸು ಎಷ್ಟಾಗಿದೆ ಅನ್ನುವುದರ ಮೇಲೆ ಇದು ಹೆಚ್ಚು ಕಡಿಮೆ ಆಗುತ್ತದೆ. 2024ರ ಆಗಸ್ಟ್‌ನಿಂದ 7ನೇ ವೇತನ ಆಯೋಗ ಜಾರಿಯಾದ ಮೇಲೆ ಸಂಬಳ ಚೆನ್ನಾಗಿಯೇ ಏರಿದೆ. ಇಬ್ಬರದ್ದೂ ಸೇರಿ ವರ್ಷಕ್ಕೆ 15 ಲಕ್ಷ 60 ಸಾವಿರ. ಅತಿಥಿ ಶಿಕ್ಷಕಿಗೆ ತಿಂಗಳಿಗೆ 12 ಸಾವಿರದಂತೆ 10 ತಿಂಗಳಿಗೆ 1 ಲಕ್ಷ 20 ಸಾವಿರ. ಬಿಸಿಯೂಟದ ತರಕಾರಿ, ಎಣ್ಣೆ, ಗ್ಯಾಸು, ಹಾಲು, ಮೊಟ್ಟೆ, ಅಡುಗೆಯವರ ಗೌರವಧನ ಎಲ್ಲ ಸೇರಿ 3 ಲಕ್ಷ ಅನ್ನಿ. ಪುಸ್ತಕ, ಸಮವಸ್ತ್ರ, ಶೂ, ಸಾಕ್ಸ್‌ಗೆ ಇನ್ನೊಂದು 50 ಸಾವಿರ. ಕೊನೆಗೆ ನಿಮ್ಮ 25 ಸಾವಿರ. ಕೂಡಿದರೆ 20 ಲಕ್ಷ 55 ಸಾವಿರ. 64 ಮಕ್ಕಳಿಗೆ ಹಂಚಿದರೆ ಒಂದು ಮಗುವಿಗೆ 32 ಸಾವಿರ ಚಿಲ್ಲರೆ.

ಇದು ಅಂದಾಜು ಲೆಕ್ಕ. ನಿಮ್ಮ ಹೆಡ್‌ಮೇಷ್ಟ್ರ ಹತ್ತಿರ ಕೂತರೆ ಸರಿಯಾದ ಅಂಕಿ ಸಿಗುತ್ತದೆ. ಆದರೆ ಚಿತ್ರ ಬದಲಾಗುವುದಿಲ್ಲ. ನಿಮ್ಮ ಶಾಲೆಗೆ ಖರ್ಚಾಗುವ ಪ್ರತಿ 100 ರೂಪಾಯಿಯಲ್ಲಿ ಏನು ಮಾಡಬೇಕು ಅಂತ ನಿಮ್ಮ ಊರು ತೀರ್ಮಾನ ಮಾಡುವುದು ಒಂದೂಕಾಲು ರೂಪಾಯಿಯಲ್ಲಿ ಮಾತ್ರ. ಉಳಿದ ತೊಂಬತ್ತೆಂಟು ಮುಕ್ಕಾಲು ರೂಪಾಯಿಯ ತೀರ್ಮಾನ ಬೆಂಗಳೂರು, ದೆಹಲಿಯಲ್ಲಿ ಆಗಲೇ ಆಗಿಬಿಟ್ಟಿರುತ್ತದೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಒಂದೇ ಪದ: ಸಂಬಳ. ಕಳ್ಳತನವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ದೊಡ್ಡ ಮೊತ್ತ ಕಾಣೆಯಾಗಿಲ್ಲ. ಅದು ತಿಂಗಳು ತಿಂಗಳು ಶಿಕ್ಷಕರ ಬ್ಯಾಂಕ್ ಖಾತೆಗೆ ನೇರವಾಗಿ ಹೋಗುತ್ತಿದೆ.

ಇದು ಕರ್ನಾಟಕದ ಕಾಯಿಲೆ ಅಂದುಕೊಳ್ಳಬೇಡಿ. ವಿಶ್ವ ಬ್ಯಾಂಕು ದೇಶಗಳನ್ನು ತಲಾ ಆದಾಯದ ಪ್ರಕಾರ ವಿಂಗಡಿಸುತ್ತದೆ. ವರ್ಷಕ್ಕೆ ಸುಮಾರು 1,100 ಡಾಲರ್‌ನಿಂದ 14,000 ಡಾಲರ್ ಒಳಗಿನವು ಮಧ್ಯಮ ಆದಾಯದ ದೇಶಗಳು. ಅದರಲ್ಲೂ ಕೆಳ ಮಧ್ಯಮ, ಮೇಲ್ಮಧ್ಯಮ ಅಂತ ಎರಡು ಮೆಟ್ಟಿಲು. ಭಾರತ, ಕೀನ್ಯಾ ಕೆಳಗಿನ ಮೆಟ್ಟಿಲಲ್ಲಿದ್ದರೆ ಬ್ರೆಜಿಲ್, ದಕ್ಷಿಣ ಆಫ್ರಿಕಾ ಮೇಲಿನ ಮೆಟ್ಟಿಲಲ್ಲಿ. ಇಂಡೋನೇಷ್ಯಾ ಎರಡರ ಗಡಿಯಲ್ಲಿ ಹತ್ತಿ ಇಳಿದು ಮಾಡುತ್ತಾ ಬಂದಿದೆ. ಈ ದೇಶಗಳಲ್ಲಿ ಶಾಲೆಯ ದಿನನಿತ್ಯದ ಖರ್ಚಿನ ಬಹುಪಾಲು ಸಂಬಳಕ್ಕೇ ಹೋಗುತ್ತದೆ. ಹೋಗಬೇಕಾದ್ದೇ ಬಿಡಿ. ಶಾಲೆ ಅಂದರೆ ಮೇಷ್ಟ್ರು ತಾನೇ? ಪ್ರಶ್ನೆ ಇರುವುದು ಆ ಸಂಬಳದಿಂದ ಮಗುವಿಗೆ ಏನು ಸಿಕ್ಕಿತು ಅನ್ನುವುದರಲ್ಲಿ.

ಈಗ 6 ಪರ್ಸೆಂಟ್ ವಿಷಯ. ಇದು 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗದ ಮಾತು. 1985-86ರ ಹೊತ್ತಿಗೆ ದೇಶದ ಆದಾಯದಲ್ಲಿ 100ಕ್ಕೆ 6 ರೂಪಾಯಿ ಶಿಕ್ಷಣಕ್ಕೆ ಹೋಗಬೇಕು ಅಂತ ಅದು ಹೇಳಿತು. 1968ರ ನೀತಿ ಒಪ್ಪಿತು, 1986ರ ನೀತಿ ಮತ್ತೆ ಹೇಳಿತು, 2020ರ ನೀತಿ ಇನ್ನೊಮ್ಮೆ ಹೇಳಿತು. ಇಷ್ಟು ಸಲ ಒಪ್ಪಿಕೊಂಡು ಇಷ್ಟು ಸಲ ಮುಂದಕ್ಕೆ ಹಾಕಿದ ಇನ್ನೊಂದು ಮಾತು ನಮ್ಮಲ್ಲಿ ಇರಲಿಕ್ಕಿಲ್ಲ. ಈಗ ಎಷ್ಟಿದೆ ಅಂತ ಕೇಳಿದರೆ ಎರಡು ಉತ್ತರ ಸಿಗುತ್ತವೆ. ಕೇಂದ್ರದ ಆರ್ಥಿಕ ಸಮೀಕ್ಷೆ 3ರ ಹತ್ತಿರ ಅನ್ನುತ್ತದೆ. ಶಿಕ್ಷಣ ಸಚಿವಾಲಯ 4ರ ಮೇಲೆ ಅನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬೇರೆ ಇಲಾಖೆಗಳು ತರಬೇತಿ, ವಿದ್ಯಾಭ್ಯಾಸಕ್ಕೆ ಮಾಡುವ ಖರ್ಚನ್ನೂ ಸಚಿವಾಲಯ ಸೇರಿಸಿಕೊಳ್ಳುತ್ತದೆ. ನಮ್ಮ ರಾಜ್ಯದಲ್ಲೂ ಹಾಗೇ. 2025-26ರ ಬಜೆಟ್ 4,09,549 ಕೋಟಿ, ಅದರಲ್ಲಿ ಶಿಕ್ಷಣಕ್ಕೆ 45,286 ಕೋಟಿ, ಅಂದರೆ 100ಕ್ಕೆ 11. ಆದರೆ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಕಲ್ಯಾಣ ಇಲಾಖೆಗಳ ಕೆಳಗೆ ಬರುತ್ತವೆ. ಆ ಖರ್ಚು ಬೇರೆ ಪುಟದಲ್ಲಿದೆ.

6 ಕೇಳುವುದು ಸುಲಭ, ಕೊಡುವುದು ಯಾಕೆ ಕಷ್ಟ? ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ನಿಂತು ಹೇಳುತ್ತೇನೆ. ದೇಶದಲ್ಲಿ 100 ರೂಪಾಯಿ ಆದಾಯ ಹುಟ್ಟಿದರೆ ನಮ್ಮ ಕೇಂದ್ರ, ರಾಜ್ಯಗಳೆರಡೂ ಸೇರಿ ತೆರಿಗೆಯಾಗಿ ಎತ್ತುವುದು 17-18 ರೂಪಾಯಿ. ಬ್ರೆಜಿಲ್ ಎತ್ತುವುದು 32-33 ರೂಪಾಯಿ. ಈಗ ಇಬ್ಬರೂ 6 ರೂಪಾಯಿ ಶಾಲೆಗೆ ಇಡಬೇಕು ಅನ್ನೋಣ. ಬ್ರೆಜಿಲ್ ತನ್ನ ತೆರಿಗೆಯಲ್ಲಿ ಐದನೇ ಒಂದು ಭಾಗಕ್ಕಿಂತ ಕಡಿಮೆ ಕೊಟ್ಟರೆ ಸಾಕು. ನಾವು ಮೂರನೇ ಒಂದು ಭಾಗ ಕೊಡಬೇಕು. ರಸ್ತೆ, ಆಸ್ಪತ್ರೆ, ಪೊಲೀಸು, ಸೈನ್ಯ, ಸಾಲದ ಬಡ್ಡಿ ಎಲ್ಲ ಉಳಿದದ್ದರಲ್ಲಿ ಆಗಬೇಕು. ಒಂದು ಎಕರೆ ರಾಗಿ ಬೆಳೆಯುವವರೂ ಮೂರು ಎಕರೆ ಬೆಳೆಯುವವರೂ ತಲಾ ಎರಡು ಮೂಟೆ ದಾನ ಕೊಟ್ಟರೆ ಇಬ್ಬರಿಗೂ ನೋವು ಒಂದೇ ಅಲ್ವಾ ಅಂತ ಕೇಳಿದ ಹಾಗೆ ಇದು.

ಅದಕ್ಕೇ 2015ರಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್‌ನಲ್ಲಿ ದೇಶಗಳೆಲ್ಲ ಸೇರಿ ಒಪ್ಪಿಕೊಂಡ ಗುರಿಯಲ್ಲಿ ಎರಡು ಅಳತೆ ಇಟ್ಟರು. ದೇಶದ ಆದಾಯದಲ್ಲಿ 4ರಿಂದ 6, ಇಲ್ಲವೇ ಸರ್ಕಾರದ ಖರ್ಚಿನಲ್ಲಿ 15ರಿಂದ 20. ನನ್ನ ಕೇಳಿದರೆ ಎರಡನೆಯದೇ ಪ್ರಾಮಾಣಿಕ ಅಳತೆ. ಸರ್ಕಾರಕ್ಕೆ ಎಷ್ಟು ಮನಸ್ಸಿದೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಮೇಲೆ ಹೇಳಿದ 11ನ್ನು ಈ 15ರ ಪಕ್ಕ ಇಟ್ಟು ನೋಡಿ. ವಸತಿ ಶಾಲೆಗಳ ಖರ್ಚು ಸೇರಿಸಿದರೂ ನಮ್ಮ ರಾಜ್ಯ ಇನ್ನೂ ಸ್ವಲ್ಪ ಕೈ ಬಿಚ್ಚಬಹುದು ಅಂತಲೇ ನನ್ನ ಅಭಿಪ್ರಾಯ.

ಸರಿ, 6 ಕೊಟ್ಟೇಬಿಟ್ಟರೆ? ದಕ್ಷಿಣ ಆಫ್ರಿಕಾ ಕೊಡುತ್ತಿದೆ, 6ರ ಆಸುಪಾಸು. 2021ರ ಅಂತರರಾಷ್ಟ್ರೀಯ ಓದಿನ ಪರೀಕ್ಷೆಯಲ್ಲಿ ಅಲ್ಲಿನ ನಾಲ್ಕನೇ ಕ್ಲಾಸಿನ 100 ಮಕ್ಕಳಲ್ಲಿ 81 ಮಕ್ಕಳಿಗೆ ಯಾವ ಭಾಷೆಯಲ್ಲೂ ಓದಿ ಅರ್ಥ ಮಾಡಿಕೊಳ್ಳಲು ಆಗಲಿಲ್ಲ. ಬಿಳಿಯರ ಆಳ್ವಿಕೆ ಬಿಟ್ಟುಹೋದ ಗಾಯ ದೊಡ್ಡದು, ಒಪ್ಪುತ್ತೇನೆ. ಆದರೂ ದುಡ್ಡೊಂದೇ ಸಾಲದು ಅನ್ನುವುದಕ್ಕೆ ಇದಕ್ಕಿಂತ ಖಾರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಇಂಡೋನೇಷ್ಯಾದ ಕಥೆ ನಮಗೆ ಇನ್ನೂ ಹತ್ತಿರದ್ದು. ಬಜೆಟ್‌ನಲ್ಲಿ 100ಕ್ಕೆ 20 ಶಿಕ್ಷಣಕ್ಕೇ ಅಂತ 2002ರಲ್ಲಿ ಅವರು ಸಂವಿಧಾನದಲ್ಲೇ ಬರೆದರು. 2009ರಲ್ಲಿ ಆ ಗುರಿ ಮುಟ್ಟಿದರು. ಶಾಲೆಗೆ ಬರುವ ಮಕ್ಕಳು ಹೆಚ್ಚಾದರು, ಅದು ಸಣ್ಣ ಸಾಧನೆ ಅಲ್ಲ. ಆದರೆ ಆ ದುಡ್ಡಿನಲ್ಲಿ ದೊಡ್ಡ ಪಾಲು ಹೋದದ್ದು ಶಿಕ್ಷಕರ ಸಂಬಳಕ್ಕೆ. 2005ರ ಕಾನೂನಿನ ಪ್ರಕಾರ ಸರ್ಟಿಫಿಕೇಟ್ ಪಡೆದ ಶಿಕ್ಷಕರಿಗೆ ಮೂಲ ವೇತನದಷ್ಟೇ ಭತ್ಯೆ ಸಿಕ್ಕಿತು. ಅಂದರೆ ಸಂಬಳ ಹೆಚ್ಚುಕಡಿಮೆ ಡಬಲ್. ನಮ್ಮ ದೇಶದವರೇ ಆದ ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಜೊತೆಗಾರರು ಇದರ ಪರಿಣಾಮ ಏನು ಅಂತ ನೂರಾರು ಶಾಲೆಗಳಲ್ಲಿ ನೋಡಿದರು. ಶಿಕ್ಷಕರ ಮನೆಯ ಕಷ್ಟ ಕಡಿಮೆಯಾಯಿತು, ಪಾಠದ ಜೊತೆಗೆ ಬೇರೆ ಕೆಲಸ ಮಾಡುವವರು ಕಡಿಮೆಯಾದರು, ಎಲ್ಲರಿಗೂ ಖುಷಿ. ಎರಡು, ಮೂರು ವರ್ಷ ಆದರೂ ಮಕ್ಕಳ ಕಲಿಕೆಯಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದಿ ಶಿಕ್ಷಕ ಮಿತ್ರರು ನನ್ನ ಮೇಲೆ ಸಿಟ್ಟಾಗಬಾರದು. ನಾನೂ ಮೇಷ್ಟ್ರೇ. ಒಳ್ಳೆ ಸಂಬಳ ಬೇಕು. ನಿಮ್ಮ ಶಾಲೆಯಲ್ಲೇ ನೋಡಿ, ಅಮ್ಮಾ. ಒಂದೇ ಕೊಠಡಿಗಳಲ್ಲಿ ಒಂದೇ ಪಾಠ ಮಾಡುವ ಮೂವರಲ್ಲಿ ಇಬ್ಬರಿಗೆ 65 ಸಾವಿರ, ಒಬ್ಬರಿಗೆ 12 ಸಾವಿರ. ನನ್ನ ಅನುಭವದಲ್ಲಿ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವ ನಲಿ-ಕಲಿ ತರಗತಿ ಹೆಚ್ಚಾಗಿ ಬೀಳುವುದು ಆ 12 ಸಾವಿರದವರ ತಲೆಗೇ. ಸಂಬಳ ಏರಿಸಿದರೆ ಇರುವವರ ಬದುಕು ಸುಧಾರಿಸುತ್ತದೆ. ಖಾಲಿ ಹುದ್ದೆ ತುಂಬಿದರೆ ಮಗುವಿನ ಪಾಠ ಸುಧಾರಿಸುತ್ತದೆ. ಎರಡೂ ಒಂದೇ ತಲೆಬರಹದ ಕೆಳಗೆ ಖರ್ಚಾಗುತ್ತವೆ, ಬಜೆಟ್ ಪುಸ್ತಕ ನೋಡಿದರೆ ಯಾವುದು ಯಾವುದು ಅಂತ ತಿಳಿಯುವುದೇ ಇಲ್ಲ.

ವಿಯೆಟ್ನಾಂ ಹೆಸರು ನೀವು ಕೇಳಿರಬಹುದು. ಅವರೂ ಬಜೆಟ್‌ನಲ್ಲಿ 100ಕ್ಕೆ 20ರ ಗುರಿ ಇಟ್ಟುಕೊಂಡವರು. 2012ರಲ್ಲಿ 15 ವರ್ಷದ ಮಕ್ಕಳಿಗೆ ನಡೆಸುವ ಪೀಸಾ ಪರೀಕ್ಷೆಗೆ ಮೊದಲ ಸಲ ಕೂತು, ಗಣಿತದಲ್ಲಿ ಅಮೆರಿಕವನ್ನೂ ಹಿಂದೆ ಹಾಕಿದರು. ಸುದ್ದಿ ಎಲ್ಲ ಕಡೆ ಹರಡಿತು. ಆ ವಯಸ್ಸಿನ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಆ ಪರೀಕ್ಷೆಯ ಲೆಕ್ಕದ ಒಳಗೇ ಇರಲಿಲ್ಲ ಅನ್ನುವುದು ಅಷ್ಟು ಹರಡಲಿಲ್ಲ. ಅದನ್ನು ಕಳೆದರೂ ಅವರ ಸಾಧನೆ ದೊಡ್ಡದೇ.

ನನಗೆ ಹೆಚ್ಚು ಇಷ್ಟವಾದದ್ದು ಬ್ರೆಜಿಲ್‌ನ ಸೊಬ್ರಾಲ್ ಅನ್ನುವ ಊರು. ಸಿಯಾರಾ ರಾಜ್ಯದಲ್ಲಿದೆ. ಮಳೆ ಕಮ್ಮಿ, ಮುಳ್ಳುಗಿಡ, ಬರ. ನಮ್ಮ ಪಾವಗಡ, ಬಾಗೇಪಲ್ಲಿ ಕಡೆಯವರನ್ನು ಅಲ್ಲಿ ಇಳಿಸಿದರೆ ಊರು ಬಿಟ್ಟು ಬಂದಿದ್ದೇವೆ ಅಂತ ಅನ್ನಿಸಲಿಕ್ಕಿಲ್ಲ. 2000ದ ಸುಮಾರಿಗೆ ಅಲ್ಲಿ ಪ್ರಾಥಮಿಕ ಶಾಲೆಯ ಚಿಕ್ಕ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಗೆ ಓದಲು ಬರುತ್ತಿರಲಿಲ್ಲ. 2005ರಲ್ಲಿ ದೇಶದ ಶಾಲಾ ಗುಣಮಟ್ಟದ ಪಟ್ಟಿಯಲ್ಲಿ ಆ ಪುರಸಭೆ ಸಾವಿರದಾಚೆ ಎಲ್ಲೋ ಇತ್ತು. 2017ರಲ್ಲಿ ಮೊದಲ ಸ್ಥಾನಕ್ಕೆ ಬಂತು.

ಏನು ಮಾಡಿದರು? ದುಡ್ಡು ಬಂತು, ಅದು ನಿಜ. ಬ್ರೆಜಿಲ್‌ನ 1988ರ ಸಂವಿಧಾನದ ಪ್ರಕಾರ ರಾಜ್ಯ, ಪುರಸಭೆಗಳು ತೆರಿಗೆ ಆದಾಯದಲ್ಲಿ 100ಕ್ಕೆ 25 ಶಿಕ್ಷಣಕ್ಕೆ ಇಡಲೇಬೇಕು. 1998ರಿಂದ ಜಾರಿಯಾದ ನಿಧಿಯೊಂದು ಪ್ರತಿ ರಾಜ್ಯದೊಳಗೆ ಆ ದುಡ್ಡಿನ ಒಂದು ಪಾಲನ್ನು ಒಟ್ಟು ಮಾಡಿ, ಶಾಲೆಯಲ್ಲಿರುವ ಮಕ್ಕಳ ತಲೆ ಎಣಿಸಿ ಹಂಚಿತು. ಬಡ ಪುರಸಭೆಗೆ ಇದು ವರವಾಯಿತು. ಆಮೇಲೆ ಸಿಯಾರಾ ರಾಜ್ಯ 2007ರಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ಪುರಸಭೆಗಳಿಗೆ ಹಂಚುವ ಮಾರಾಟ ತೆರಿಗೆಯ ಒಂದು ಭಾಗವನ್ನು ಚಿಕ್ಕ ಮಕ್ಕಳ ಓದಿನ ಫಲಿತಾಂಶಕ್ಕೆ ಗಂಟು ಹಾಕಿತು. ಅಲ್ಲಿನ ಪುರಸಭೆ ಅಧ್ಯಕ್ಷನಿಗೆ ಒಂದನೇ, ಎರಡನೇ ಕ್ಲಾಸಿನ ಮಗು ಓದುತ್ತಾ ಇಲ್ವಾ ಅನ್ನುವುದು ಮೊದಲ ಸಲ ಜೇಬಿನ ವಿಷಯವಾಯಿತು. ಸೊಬ್ರಾಲ್‌ನಲ್ಲಿ ಹೆಡ್‌ಮಾಸ್ಟರ್‌ಗಳನ್ನು ರಾಜಕೀಯದವರ ಶಿಫಾರಸಿನಿಂದ ನೇಮಿಸುವುದನ್ನು ನಿಲ್ಲಿಸಿ ಅರ್ಹತೆ ನೋಡಿ ಆರಿಸಿದರು. ಮೊದಲೆರಡು ವರ್ಷದಲ್ಲಿ ಪ್ರತಿ ಮಗು ಓದಲೇಬೇಕು ಅನ್ನುವುದೊಂದೇ ಗುರಿ. ಸಣ್ಣ ಸಣ್ಣ ಶಾಲೆಗಳನ್ನು ಕೂಡಿಸಿದ್ದೂ ಉಂಟು. ಅದನ್ನು ಕಣ್ಣುಮುಚ್ಚಿ ಇಲ್ಲಿ ತರಬೇಕು ಅಂತ ನಾನು ಹೇಳಲಾರೆ. ಹಳ್ಳದ ಆಚೆ ಇರುವ ಶಾಲೆಗೆ ಆರು ವರ್ಷದ ಹುಡುಗಿಯನ್ನು ಕಳಿಸುವ ತಾಯಿಯ ಹತ್ತಿರ ಮೊದಲು ಮಾತಾಡಬೇಕು.

ನಿಮ್ಮ ಕಡೆ ಮೊದಲೆರಡು ವರ್ಷ ಇನ್ನೂ ಮುಖ್ಯ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಗುಡಿಬಂಡೆ, ಶ್ರೀನಿವಾಸಪುರ, ಪಾವಗಡದಲ್ಲೂ ಇದೇ. ಅಂಥ ಮಗು ಒಂದನೇ ಕ್ಲಾಸಿನಲ್ಲಿ ಒಟ್ಟಿಗೆ ಎರಡು ಕೆಲಸ ಮಾಡುತ್ತಿರುತ್ತದೆ, ಅಕ್ಷರ ಕಲಿಯುವುದು ಮತ್ತು ಭಾಷೆ ಕಲಿಯುವುದು. ರಾಜ್ಯದ ಲೆಕ್ಕದಲ್ಲಿ ಮಾತ್ರ ಅದು ಬೇರೆಲ್ಲ ಮಕ್ಕಳ ಹಾಗೆ ಒಂದು ತಲೆ. ನನ್ನ ಕೈಯಲ್ಲಿ ಅಧಿಕಾರ ಇದ್ದಿದ್ದರೆ ಗಡಿ ತಾಲ್ಲೂಕುಗಳ ಒಂದರಿಂದ ಮೂರನೇ ಕ್ಲಾಸಿಗೆ ಮೊದಲು ಹೆಚ್ಚುವರಿ ಶಿಕ್ಷಕರನ್ನು ಕೊಟ್ಟು, ಆಮೇಲೆ ಸ್ಮಾರ್ಟ್ ಬೋರ್ಡಿನ ಮಾತು ಎತ್ತುತ್ತಿದ್ದೆ.

ಮಾರ್ಚ್ ತಿಂಗಳ ಕಂತಿನ ಬಗ್ಗೆ ಕೇಳಿದ್ದೀರಿ. ತುಮಕೂರಿನಲ್ಲಿ ಪಾಠ ಮಾಡಲು ಶುರು ಮಾಡುವ ಮೊದಲು ನಾನು ಕೆಲವು ವರ್ಷ ಶಾಲೆಗಳ ಲೆಕ್ಕ ತಪಾಸಣೆಗೆ ಹೋಗುತ್ತಿದ್ದೆ. ಒಂದು ಶಾಲೆಯ ಬೀರು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬಾಗಿಲು ತೆಗೆದರೆ ಒಂದರ ಮೇಲೊಂದು 40 ಬಾಕ್ಸ್ ಸೀಮೆಸುಣ್ಣ. ಮೂಲೆಯಲ್ಲಿ 11 ಪೊರಕೆ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಎರಡು ಜಮಖಾನ, ಫಿನಾಯಿಲ್ ಕ್ಯಾನು. ಬಿಲ್ಲುಗಳೆಲ್ಲ ಒಂದೇ ಅಂಗಡಿಯವು, ಎಲ್ಲದರ ಮೇಲೂ ಮಾರ್ಚ್ 28. ತಲೆ ಎತ್ತಿದರೆ ಸೂರಿನ ಹೆಂಚು ಒಡೆದು ಆಕಾಶ ಕಾಣುತ್ತಿತ್ತು. ಹೆಡ್‌ಮೇಡಂ ಮುಜುಗರದಿಂದ ಹೇಳಿದರು: "ದುಡ್ಡು ಬಂದಿದ್ದು 20ನೇ ತಾರೀಖು ಸಾರ್. 31ರೊಳಗೆ ಖರ್ಚಾಗಬೇಕು. ಹೆಂಚಿನ ಕೆಲಸಕ್ಕೆ ಮೇಸ್ತ್ರಿ ಸಿಗೋದು ಯುಗಾದಿ ಆದಮೇಲೆ." ಅವರು ಒಂದು ಪೈಸೆ ತಿಂದಿರಲಿಲ್ಲ. ಲೆಕ್ಕ ಪಕ್ಕಾ ಇತ್ತು. ದುಡ್ಡು ಮಾತ್ರ ದಂಡವಾಗಿತ್ತು. ಊಟ ಮುಗಿದ ಮೇಲೆ ಉಪ್ಪಿನಕಾಯಿ ಬಂದ ಹಾಗೆ.

ಯಾಕೆ ಹೀಗಾಗುತ್ತದೆ? ನಿಮ್ಮ 25 ಸಾವಿರ ಬರುವುದು ಸಮಗ್ರ ಶಿಕ್ಷಣ ಯೋಜನೆಯಿಂದ. ಅದರಲ್ಲಿ ಪ್ರತಿ 100 ರೂಪಾಯಿಗೆ ಕೇಂದ್ರದ್ದು 60, ರಾಜ್ಯದ್ದು 40. ಕೇಂದ್ರದ ಕಂತು ಬರಬೇಕಾದರೆ ಹಿಂದಿನ ದುಡ್ಡಿನ ಬಳಕೆ ಪ್ರಮಾಣಪತ್ರ, ಅಂದರೆ ಯುಸಿ, ಕೆಳಗಿನಿಂದ ಮೇಲೆ ಹೋಗಬೇಕು. ನಿಮ್ಮ ಶಾಲೆಯದ್ದು ಹೋಗಿ, ಪಕ್ಕದ ಶಾಲೆಯದ್ದು ತಡವಾದರೂ ಇಡೀ ಸಾಲು ನಿಲ್ಲುತ್ತದೆ. 2021ರಿಂದ ವ್ಯವಸ್ಥೆ ಬದಲಾಗಿ ಈಗ ದುಡ್ಡು ಶಾಲೆ ಖಾತೆಯಲ್ಲಿ ಕೂರುವುದಿಲ್ಲ. ಇಷ್ಟು ಖರ್ಚು ಮಾಡಬಹುದು ಅಂತ ಒಂದು ಮಿತಿ ಕಾಣಿಸುತ್ತದೆ, ವರ್ಷ ಮುಗಿದರೆ ಅದೂ ಮಾಯ. ಕದಿಯುವವರಿಗೆ ಕಷ್ಟ ಆಯಿತು, ಒಳ್ಳೆಯದು. ಉಳಿಸಿಟ್ಟು ಹೆಂಚು ಹಾಕಿಸುವವರಿಗೂ ಕಷ್ಟ ಆಯಿತು.

ಇದೆಲ್ಲದರಲ್ಲಿ ಊರಿನವರ ಕೈಲಿ ಏನಿದೆ ಅನ್ನುವುದಕ್ಕೆ ಎರಡು ಕಡೆಯ ಅನುಭವ ಹೇಳುತ್ತೇನೆ. ಮೊದಲನೆಯದು ಉಗಾಂಡ. ಅದು ಮಧ್ಯಮ ಆದಾಯಕ್ಕೂ ಏರದ ಬಡ ದೇಶ. 1990ರ ದಶಕದ ಮೊದಲರ್ಧದಲ್ಲಿ ಸರ್ಕಾರ ಶಾಲೆಗಳಿಗೆ ಕಳಿಸಿದ ಅನುದಾನದಲ್ಲಿ 100ಕ್ಕೆ 13 ಮಾತ್ರ ಶಾಲೆ ಮುಟ್ಟುತ್ತಿದೆ ಅಂತ ಒಂದು ಸಮೀಕ್ಷೆ ತೋರಿಸಿತು. ಆಮೇಲೆ ಯಾವ ಜಿಲ್ಲೆಗೆ ಎಷ್ಟು ಬಿಡುಗಡೆ ಆಯಿತು ಅಂತ ಪತ್ರಿಕೆಯಲ್ಲಿ ಹಾಕಿಸಿದರು, ಶಾಲೆಯ ಗೋಡೆಗೆ ಅಂಟಿಸಿದರು. 2001ರ ಹೊತ್ತಿಗೆ 80ಕ್ಕಿಂತ ಜಾಸ್ತಿ ತಲುಪುತ್ತಿತ್ತು. ಪತ್ರಿಕೆಯೊಂದರಿಂದಲೇ ಆಯಿತು ಅನ್ನುವುದನ್ನು ಎಲ್ಲರೂ ಒಪ್ಪುವುದಿಲ್ಲ, ಬೇರೆ ಸುಧಾರಣೆಗಳೂ ಆಗ ನಡೆದಿದ್ದವು. ಆದರೂ ಗೋಡೆಗೆ ಅಂಟಿಸಲು ಖರ್ಚೇನೂ ಇಲ್ಲ, ಅಲ್ವಾ? ಯಾವ ತಾರೀಖು, ಎಷ್ಟು ಬಂತು, ಯಾವುದಕ್ಕೆ ಹೋಯಿತು ಅಂತ ಮೂರು ಸಾಲು ಬಿಸಿಯೂಟದ ಮೆನು ಬೋರ್ಡಿನ ಪಕ್ಕ ಬರೆಸಿ.

ಎರಡನೆಯದು ನಿಮ್ಮ ಪಕ್ಕದ ಆಂಧ್ರದ್ದು. ಅಲ್ಲಿ ಮತ್ತು ಆಫ್ರಿಕಾದ ಝಾಂಬಿಯಾದಲ್ಲಿ ಶಾಲೆಗೆ ಕೊಟ್ಟ ಅನುದಾನದಿಂದ ಕಲಿಕೆ ಏರುತ್ತದಾ ಅಂತ ನೋಡಿದರು. ಆಂಧ್ರದಲ್ಲಿ ಮೊದಲ ವರ್ಷ ದುಡ್ಡು ಅನಿರೀಕ್ಷಿತವಾಗಿ ಬಂತು, ಮಕ್ಕಳ ಅಂಕ ಏರಿತು. ಎರಡನೇ ವರ್ಷ ಬರುತ್ತದೆ ಅಂತ ಮೊದಲೇ ಗೊತ್ತಿತ್ತು, ಲಾಭ ಹೆಚ್ಚುಕಡಿಮೆ ಸೊನ್ನೆ. ಯಾಕೆಂದರೆ ಶಾಲೆಯೇ ನೋಟ್‌ಬುಕ್ಕು, ಪೆನ್ಸಿಲ್ ಕೊಡುತ್ತದೆ ಅಂತ ಗೊತ್ತಾದ ಕೂಡಲೇ ಅಪ್ಪ ಅಮ್ಮ ತಾವು ಕೊಡಿಸುವುದನ್ನು ಕಡಿಮೆ ಮಾಡಿದರು. ಅದರಲ್ಲಿ ತಪ್ಪೇನಿದೆ? ಬಡವರ ಮನೆಯ ಲೆಕ್ಕ ಹಾಗೇ ನಡೆಯಬೇಕು. ಉಳಿದ ದುಡ್ಡು ಬೇಳೆಗೆ ಹೋಗಿರುತ್ತದೆ. 2025ರ ಕೇಂದ್ರ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸರ್ಕಾರಿ ಶಾಲೆಯ ಮಗುವಿಗೆ ಮನೆಯವರು ವರ್ಷಕ್ಕೆ ಸರಾಸರಿ 2,863 ರೂಪಾಯಿ ಖರ್ಚು ಮಾಡುತ್ತಾರೆ. ಶಾಲೆಯ ಅನುದಾನ ಆ ಖರ್ಚಿನ ಜಾಗಕ್ಕೆ ಹೋಗಿ ಕೂತರೆ ಕಲಿಕೆ ಏರುವುದಿಲ್ಲ. ಮನೆಯವರು ಎಷ್ಟೇ ಆಸೆಪಟ್ಟರೂ ಕೊಡಿಸಲು ಆಗದ ವಸ್ತುವಿಗೆ ಹೋಗಬೇಕು.

ಈಗ ನಿಮ್ಮ ಜಗಳಕ್ಕೆ ಬರೋಣ. ಪೆನ್ಸಿಲ್ ಬೇಕಾದರೆ ಒಬ್ಬ ತಾಯಿ ಸಂತೆಯಲ್ಲಿ ತರಬಹುದು. ಶಾಲೆಯ ಶೌಚಾಲಯಕ್ಕೆ ನೀರು ತರಲು ಆಗುವುದಿಲ್ಲ. ಅದೂ ಅಲ್ಲದೆ ಈ ಅನುದಾನದಲ್ಲಿ ಕನಿಷ್ಠ 100ಕ್ಕೆ 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕು ಅಂತ ನಿಯಮವೇ ಇದೆ, ಹಾಗಾಗಿ ಬಣ್ಣದ ಕಡೆಯವರ ಮುಂದೆ ನಿಯಮದ ಪುಟ ಇಡಿ. ಆರು, ಏಳನೇ ಕ್ಲಾಸಿನ ಹೆಣ್ಣುಮಕ್ಕಳು ತಿಂಗಳಲ್ಲಿ ಎಷ್ಟು ದಿನ ಶಾಲೆ ತಪ್ಪಿಸುತ್ತಾರೆ ಅಂತ ಹಾಜರಿ ಪುಸ್ತಕ ತೆಗೆದು ಎಲ್ಲರ ಮುಂದೆ ಎಣಿಸಿ. ಮೊದಲ ಕಂತಿನ 12 ಸಾವಿರ ಚಿಲ್ಲರೆಯಲ್ಲಿ ಪೈಪು, ಎರಡು ನಲ್ಲಿ, ಒಂದು ಸಣ್ಣ ಸಿಂಟೆಕ್ಸ್ ಆಗುತ್ತದಾ ಅಂತ ಪ್ಲಂಬರ್‌ನಿಂದ ಈಗಲೇ ಕೊಟೇಶನ್ ಬರೆಸಿಟ್ಟುಕೊಳ್ಳಿ. ನಲ್ಲಿ ಹಿತ್ತಾಳೆಯದೇ ಇರಲಿ, ಪ್ಲಾಸ್ಟಿಕ್‌ದು ಒಂದು ಬೇಸಿಗೆ ಬರುವುದಿಲ್ಲ. ಮಾರ್ಚ್‌ನಲ್ಲಿ ಎರಡನೇ ಕಂತು ಬಂದು, ಖರ್ಚು ಮಾಡಲು ಹತ್ತೇ ದಿನ ಇದ್ದರೆ, ಆಗ ಬೇಕಾದರೆ ಬಣ್ಣ ತನ್ನಿ.